ಯುರೋಪ್‌ನ ಆರ್ಥಿಕ ಸುದ್ದಿ ಓದುವುದು ಹೇಗೆ: ದುಡ್ಡು ಎಲ್ಲಿದೆ, ಕೀಲಿಕೈ ಯಾರ ಕೈಲಿದೆ

2025ರ ಮಾರ್ಚ್ 4. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಬ್ರಸೆಲ್ಸ್‌ನಲ್ಲಿ ನಿಂತು ಯುರೋಪ್‌ನ ರಕ್ಷಣೆಗೆ 80 ಸಾವಿರ ಕೋಟಿ ಯುರೋ ಹೊಂದಿಸುವ ಯೋಜನೆ ಮುಂದಿಟ್ಟರು. ಆಮೇಲೆ ಎಲ್ಲ ಕಡೆ ಅದೇ ತಲೆಬರಹ. ಓದಿದವರಿಗೆ ಏನನ್ನಿಸುತ್ತದೆ? ಬ್ರಸೆಲ್ಸ್‌ನಲ್ಲಿ ಎಲ್ಲೋ ಒಂದು ದೊಡ್ಡ ತಿಜೋರಿ ಇದೆ, ಅದರ ಬಾಗಿಲು ತೆಗೆದಿದ್ದಾರೆ ಅಂತ. ಹಾಗೇನೂ ಆಗಿರಲಿಲ್ಲ.

ಆ 80 ಸಾವಿರ ಕೋಟಿಯನ್ನು ಬಿಡಿಸಿ ನೋಡಿ. ಅದರಲ್ಲಿ 65 ಸಾವಿರ ಕೋಟಿ ಬರೀ ಅಂದಾಜು. ಸದಸ್ಯ ದೇಶಗಳು ರಕ್ಷಣೆಯ ಖರ್ಚನ್ನು ಜಿಡಿಪಿಯ ಸರಾಸರಿ ಶೇ 1.5ರಷ್ಟು ಹೆಚ್ಚಿಸಿದರೆ ನಾಲ್ಕು ವರ್ಷದಲ್ಲಿ ಇಷ್ಟಾಗಬಹುದು ಅನ್ನೋ ಲೆಕ್ಕ ಅದು. ಖರ್ಚು ಮಾಡಬೇಕಾದವರು ಆಯಾ ದೇಶದವರು, ಅದಕ್ಕೆ ಸಾಲ ಎತ್ತಬೇಕಾದವರೂ ಅವರೇ, ಬ್ರಸೆಲ್ಸ್ ಮಾಡಿದ್ದು ಇಷ್ಟೇ: "ಇದಕ್ಕಾಗಿ ಸಾಲ ಮಾಡಿದರೆ ನಾವು ತಕರಾರು ತೆಗೆಯುವುದಿಲ್ಲ" ಅಂದದ್ದು. ಉಳಿದ 15 ಸಾವಿರ ಕೋಟಿ ನಿಜವಾದ ದುಡ್ಡು, ಆದರೆ ಅದೂ ಸಾಲ. ಒಕ್ಕೂಟ ಮಾರುಕಟ್ಟೆಯಲ್ಲಿ ಸಾಲ ತಂದು ದೇಶಗಳಿಗೆ ಸಾಲವಾಗಿಯೇ ಕೊಡುತ್ತದೆ.

ಯುರೋಪ್‌ನ ಆರ್ಥಿಕ ಸುದ್ದಿ ಓದುವವರು ಮೊದಲು ಕಲಿಯಬೇಕಾದದ್ದು ಇದನ್ನೇ ಅಂತ ನನ್ನ ನಂಬಿಕೆ. ಯುದ್ಧ, ಸುಂಕ, ಗ್ಯಾಸ್, ಚೀನಾ, ಅಮೆರಿಕ ಎಲ್ಲ ಒಟ್ಟಿಗೆ ಸಿಕ್ಕಿಕೊಂಡಿರುವ ಈ ಕಾಲದಲ್ಲಿ ಅಲ್ಲಿಂದ ದಿನಕ್ಕೊಂದು ದೊಡ್ಡ ಅಂಕಿ ಬರುತ್ತದೆ. ಅದನ್ನು ನೋಡಿ ಗಾಬರಿಯಾಗುವುದೂ ಬೇಡ, ಸುಮ್ನೆ ತಳ್ಳಿಹಾಕುವುದೂ ಬೇಡ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ದುಡ್ಡು ಎಲ್ಲಿದೆ? ಕೀಲಿಕೈ ಯಾರ ಕೈಲಿದೆ?

ಮೊದಲು ಕ್ರಿಯಾಪದ ನೋಡಿ

ಅಂಕಿ ಆಮೇಲೆ. ಸುದ್ದಿಯಲ್ಲಿ "ಪ್ರಸ್ತಾಪಿಸಿತು" ಅಂತ ಇದೆಯಾ, "ಒಪ್ಪಿತು" ಅಂತ ಇದೆಯಾ, "ಜಾರಿಗೆ ಬಂತು" ಅಂತ ಇದೆಯಾ, "ಬಿಡುಗಡೆ ಮಾಡಿತು" ಅಂತ ಇದೆಯಾ? ನಾಲ್ಕೂ ಬೇರೆ ಬೇರೆ. ಬೇರೆ ಕಡೆ ಇವುಗಳ ನಡುವೆ ಕೆಲವು ವಾರಗಳ ಅಂತರ ಇರಬಹುದು, ಯುರೋಪ್‌ನಲ್ಲಿ ವರ್ಷಗಳೇ ಆಗಬಹುದು, ಕೆಲವೊಮ್ಮೆ ಮೊದಲ ಮೆಟ್ಟಿಲಲ್ಲೇ ನಿಂತುಹೋಗುವುದೂ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಬರೆದ ಸುದ್ದಿ ದಿನಾ ಸಿಗುತ್ತದೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪುಟಕ್ಕೆ ನಾಲ್ಕು ಕಾಲಂ: ಹೇಳಿದ್ದು, ಒಪ್ಪಿದ್ದು, ಕಾಯ್ದೆಯಾದದ್ದು, ದುಡ್ಡು ಕೈಸೇರಿದ್ದು. ಪ್ರತಿ ದೊಡ್ಡ ಸುದ್ದಿಗೆ ಒಂದು ಸಾಲು. ಮೇಲೆ ಹೇಳಿದ 15 ಸಾವಿರ ಕೋಟಿಯ ಸಾಲ ಯೋಜನೆಗೆ ಸೇಫ್ ಅಂತ ಹೆಸರು. ಅದು ಮೊದಲ ಕಾಲಂಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಮೇ 27ಕ್ಕೆ ಕಾಯ್ದೆಯಾಯಿತು, ಯುರೋಪ್‌ನ ಮಟ್ಟಿಗೆ ಇದು ಬಹಳ ವೇಗ. ಸೆಪ್ಟೆಂಬರ್‌ನಲ್ಲಿ 19 ದೇಶಗಳಿಗೆ ಪಾಲು ಹಂಚಿದರು. ಪೋಲೆಂಡ್‌ಗೆ ಎಲ್ಲಕ್ಕಿಂತ ಜಾಸ್ತಿ, 4,370 ಕೋಟಿ ಯುರೋ. ರಷ್ಯಾದ ಗಡಿಗೆ ಹತ್ತಿರ ಇರುವವರಿಗೆ ಆತುರ ಹೆಚ್ಚು, ಅದು ಸಹಜ. ಜರ್ಮನಿ ಅರ್ಜಿಯನ್ನೇ ಹಾಕಲಿಲ್ಲ, ಯಾಕೆಂದರೆ ತನ್ನ ಹೆಸರಿನಲ್ಲೇ ಅದಕ್ಕೆ ಕಡಿಮೆ ಬಡ್ಡಿಗೆ ಸಾಲ ಹುಟ್ಟುತ್ತದೆ.

ಇನ್ನು ಆ 65 ಸಾವಿರ ಕೋಟಿ? ಅದಕ್ಕಾಗಿ ಸಾಲದ ನಿಯಮದಿಂದ ವಿನಾಯಿತಿ ಬೇಕೆಂದು 15ಕ್ಕೂ ಹೆಚ್ಚು ದೇಶಗಳು ಕೇಳಿದವು. ಫ್ರಾನ್ಸ್, ಇಟಲಿ, ಸ್ಪೇನ್ ಕೇಳಲಿಲ್ಲ. ಒಕ್ಕೂಟದ ನಾಲ್ಕು ದೊಡ್ಡ ಆರ್ಥಿಕತೆಗಳಲ್ಲಿ ಮೂರು ಹೊರಗೆ ಉಳಿದರೆ ಆ ಲೆಕ್ಕದಲ್ಲಿ ಎಷ್ಟು ಉಳಿಯುತ್ತದೆ ಅಂತ ನೀವೇ ಯೋಚಿಸಿ. ಇದನ್ನು ಹೇಳುತ್ತಿರುವುದು ಯೋಜನೆ ಸುಳ್ಳು ಅಂತ ಅಲ್ಲ. ದುಡ್ಡಿನ ಒಂದು ಭಾಗ ನಿಜ, ಇನ್ನೊಂದು ಭಾಗ ಆಸೆ. ತಲೆಬರಹದಲ್ಲಿ ಎರಡನ್ನೂ ಕೂಡಿಸಿ ಬರೆದಿರುತ್ತಾರೆ ಅಷ್ಟೇ.

ಕೀಲಿಕೈ ಯಾರ ಕೈಲಿದೆ

"ಯುರೋಪ್ ತೀರ್ಮಾನಿಸಿತು" ಅಂತ ಎಲ್ಲಾದರೂ ಓದಿದರೆ ಅಲ್ಲೇ ನಿಂತು ಕೇಳಿ: ಯಾರು? 27 ದೇಶಗಳ ಒಕ್ಕೂಟದಲ್ಲಿ ಒಂದೊಂದು ಕೆಲಸದ ಕೀಲಿಕೈ ಒಬ್ಬೊಬ್ಬರ ಬಳಿ ಇದೆ.

ವ್ಯಾಪಾರ ಮತ್ತು ಆಮದು ಸುಂಕದ ಮಾತುಕತೆ ಕಮಿಷನ್‌ನದು. ಬಡ್ಡಿ ದರ ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್‌ನದು, ಅದೂ ಯುರೋ ಬಳಸುವ ದೇಶಗಳಿಗೆ ಮಾತ್ರ. 2026ರ ಜನವರಿ 1ರಂದು ಬಲ್ಗೇರಿಯಾ ಸೇರಿದ ಮೇಲೆ ಅವು 21. ತೆರಿಗೆ, ಪಿಂಚಣಿ, ಸೈನ್ಯ ಇವೆಲ್ಲ ಆಯಾ ದೇಶದ ಸರ್ಕಾರದ ಕೈಲಿ. ಒಕ್ಕೂಟದ ಸ್ವಂತ ಬಜೆಟ್ ಎಲ್ಲ ದೇಶಗಳ ಒಟ್ಟು ಆದಾಯದ ಸುಮಾರು ಶೇ 1ರಷ್ಟು ಮಾತ್ರ. ಈ ಶೇ 1 ಅನ್ನು ತಲೆಯಲ್ಲಿ ಇಟ್ಟುಕೊಂಡರೆ ಎಷ್ಟೋ ಸುದ್ದಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಬ್ರಸೆಲ್ಸ್ ದೊಡ್ಡದಾಗಿ ಮಾತಾಡಬಹುದು, ಆದರೆ ದೊಡ್ಡ ಜೇಬು ಇರುವುದು ಬರ್ಲಿನ್, ಪ್ಯಾರಿಸ್, ರೋಮ್‌ಗಳಲ್ಲಿ.

ಹೆಸರುಗಳಲ್ಲೂ ಸ್ವಲ್ಪ ಎಚ್ಚರ ಬೇಕು. ಯುರೋಪಿಯನ್ ಕೌನ್ಸಿಲ್ ಅಂದರೆ ಪ್ರಧಾನಿಗಳು, ಅಧ್ಯಕ್ಷರು ಸೇರುವ ಸಭೆ. ಬರೀ "ಕೌನ್ಸಿಲ್" ಅಂದರೆ ಸಚಿವರ ಸಭೆ, ಕಾಯ್ದೆಗೆ ಮತ ಹಾಕುವವರು ಇವರು. ಕೌನ್ಸಿಲ್ ಆಫ್ ಯುರೋಪ್ ಅಂತ ಇನ್ನೊಂದಿದೆ, ಸ್ಟ್ರಾಸ್‌ಬರ್ಗ್‌ನಲ್ಲಿ. ಅದು ಈ ಒಕ್ಕೂಟದ ಭಾಗವೇ ಅಲ್ಲ, ಬೇರೆಯೇ ಸಂಸ್ಥೆ, ಅದರಲ್ಲಿ 46 ದೇಶಗಳಿವೆ. ಅನುವಾದದ ಸುದ್ದಿಗಳಲ್ಲಿ ಈ ಮೂರೂ ಕಲಸಿಹೋಗಿರುತ್ತವೆ.

ಆಮೇಲೆ ಮತದ ಲೆಕ್ಕ. ಬಹುತೇಕ ವಿಷಯಗಳಿಗೆ 15 ದೇಶ ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ ಶೇ 65 ಜನಸಂಖ್ಯೆ ಇರಬೇಕು. ನಿರ್ಬಂಧ, ತೆರಿಗೆ, ದೀರ್ಘಾವಧಿ ಬಜೆಟ್ ಇಂಥವಕ್ಕೆ 27 ದೇಶಗಳೂ ಒಪ್ಪಲೇಬೇಕು, ಒಂದು ದೇಶ ಬೇಡ ಅಂದರೂ ಮುಗಿಯಿತು. ಹಂಗೇರಿಯ ಹೆಸರು ಅಷ್ಟು ಸಲ ಸುದ್ದಿಗೆ ಬಂದದ್ದು ಇದಕ್ಕೇ. ರಷ್ಯಾ ಮೇಲಿನ ಆರ್ಥಿಕ ನಿರ್ಬಂಧಗಳನ್ನು ಆರು ತಿಂಗಳಿಗೊಮ್ಮೆ ಎಲ್ಲರೂ ಸೇರಿ ಮುಂದುವರಿಸಬೇಕು, ಜನವರಿ 31 ಮತ್ತು ಜುಲೈ 31 ಗಡುವು. ಆ ಎರಡು ದಿನಾಂಕಕ್ಕೆ ಮೂರ್ನಾಲ್ಕು ವಾರ ಮುಂಚೆ ಯಾವುದಾದರೂ ದೇಶ ಇದ್ದಕ್ಕಿದ್ದಂತೆ ಬೇರೆ ಯಾವುದೋ ಬೇಡಿಕೆ ಎತ್ತಿದರೆ, ಇದು ಯಾಕೆ ಈಗ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಲೆಂಡರ್ ನೋಡಿ.

ಮೂರನೇ ಒಂದು ಬಗೆ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2024ರ ಅಕ್ಟೋಬರ್ 4ರಂದು ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲಿನ ಹೆಚ್ಚುವರಿ ಸುಂಕಕ್ಕೆ ಮತ ಹಾಕಿದರು. ಪರವಾಗಿ 10 ದೇಶ. ವಿರುದ್ಧ 5. ಸುಮ್ಮನೆ ಕೂತವರು 12. ಹತ್ತೇ ಮತ ಬಿದ್ದರೂ ಸುಂಕ ಜಾರಿಯಾಯಿತು. ಹೇಗೆ? ಇಂಥ ಸುಂಕದಲ್ಲಿ ಕಮಿಷನ್‌ಗೆ ಬಹುಮತ ಬೇಕಿಲ್ಲ, ಅದನ್ನು ತಡೆಯುವವರಿಗೆ ಬೇಕು. ಶೇ 65 ಜನಸಂಖ್ಯೆ ಇರುವ 15 ದೇಶ ಬೇಡ ಅಂದಿದ್ದರೆ ಮಾತ್ರ ನಿಲ್ಲುತ್ತಿತ್ತು. ಚೀನಾದಲ್ಲಿ ಕಾರು ಮಾರುವ, ಅಲ್ಲೇ ಕಾರ್ಖಾನೆ ಇಟ್ಟುಕೊಂಡಿರುವ ಜರ್ಮನಿ ವಿರುದ್ಧ ಮತ ಹಾಕಿತು, ಫ್ರಾನ್ಸ್ ಮತ್ತು ಇಟಲಿ ಪರವಾಗಿ ಹಾಕಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಅನ್ನೋ ಹಾಗೆ. ಆದರೂ ಬಂಡಿ ಮುಂದೆ ಹೋಯಿತು, ನಿಯಮ ಹಾಗಿತ್ತು. ಯುರೋಪ್‌ನಲ್ಲಿ ಒಗ್ಗಟ್ಟಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅಂತ ಹೇಳುವವರು ಈ ಮತದ ಲೆಕ್ಕವನ್ನು ಒಮ್ಮೆ ನೋಡಬೇಕು.

ಗ್ಯಾಸ್ ಅರ್ಥವಾದರೆ ಅರ್ಧ ಅರ್ಥವಾದಂತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ 2022ರಿಂದ ಈಚೆಗೆ ಯುರೋಪ್‌ನ ಆರ್ಥಿಕತೆಯಲ್ಲಿ ಆದ ಹೆಚ್ಚಿನ ಏರುಪೇರಿನ ಬುಡಕ್ಕೆ ಹೋದರೆ ಗ್ಯಾಸ್ ಸಿಗುತ್ತದೆ.

2021ರಲ್ಲಿ ಒಕ್ಕೂಟ ಆಮದು ಮಾಡಿಕೊಳ್ಳುತ್ತಿದ್ದ ಗ್ಯಾಸ್‌ನಲ್ಲಿ ಸುಮಾರು ಶೇ 45 ರಷ್ಯಾದ್ದು. ಯುದ್ಧ ಶುರುವಾದ ಮೇಲೆ ಅದು ಒಂದೊಂದಾಗಿ ಕಡಿದುಹೋಯಿತು. ನಾರ್ಡ್ ಸ್ಟ್ರೀಮ್ ಕೊಳವೆಯಲ್ಲಿ ಹರಿವು 2022ರ ಆಗಸ್ಟ್ ಕೊನೆಗೆ ನಿಂತಿತು, ಸೆಪ್ಟೆಂಬರ್ 26ಕ್ಕೆ ಕೊಳವೆಗಳೇ ಸ್ಫೋಟಗೊಂಡವು. ಉಕ್ರೇನ್ ಮೂಲಕ ಬರುತ್ತಿದ್ದ ಗ್ಯಾಸ್ 2025ರ ಜನವರಿ 1ಕ್ಕೆ ನಿಂತಿತು.

ನೀವು ನೋಡಬೇಕಾದ ಮೊದಲ ಅಂಕಿ ಟಿಟಿಎಫ್. ನೆದರ್ಲೆಂಡ್ಸ್‌ನಲ್ಲಿರುವ ಗ್ಯಾಸ್ ವಹಿವಾಟಿನ ಕೇಂದ್ರ ಅದು, ಯುರೋಪ್‌ಗೆಲ್ಲ ಅದೇ ಅಳತೆಗೋಲು. ಒಂದು ಮೆಗಾವ್ಯಾಟ್ ಅವರ್‌ಗೆ ಇಷ್ಟು ಯುರೋ ಅಂತ ದರ ಬರುತ್ತದೆ. ಹಿಂದೆಲ್ಲ ಅದು 20 ಯುರೋ ಆಸುಪಾಸಿನಲ್ಲಿ ಇರುತ್ತಿತ್ತು. 2022ರ ಆಗಸ್ಟ್‌ನಲ್ಲಿ 300 ದಾಟಿತು. 20 ಎಲ್ಲಿ, 300 ಎಲ್ಲಿ! ಆ ತಿಂಗಳು ಒಂದು ಮನೆ ಬೆಚ್ಚಗಿಡುವ ಖರ್ಚು, ಒಂದು ಬೇಕರಿಯ ಒಲೆಯ ಖರ್ಚು, ಒಂದು ಗಾಜಿನ ಕಾರ್ಖಾನೆಯ ಕುಲುಮೆಯ ಖರ್ಚು ಏನಾಗಿರಬಹುದು ಅಂತ ಊಹಿಸಿಕೊಳ್ಳಿ. ಗಾಜಿನ ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಹಾಗಿಲ್ಲ, ಒಳಗಿನ ಗಾಜು ಗಟ್ಟಿಯಾದರೆ ಕುಲುಮೆಯೇ ಹಾಳು. ದರ ಎಷ್ಟಿದ್ದರೂ ಅದಕ್ಕೆ ಗ್ಯಾಸ್ ಹಾಕುತ್ತಲೇ ಇರಬೇಕು.

ಗ್ಯಾಸ್ ದರ ಕರೆಂಟಿಗೂ ಅಂಟಿಕೊಳ್ಳುತ್ತದೆ. ಯುರೋಪ್‌ನ ಸಗಟು ವಿದ್ಯುತ್ ಮಾರುಕಟ್ಟೆಯಲ್ಲಿ ಆ ಹೊತ್ತಿನ ಬೇಡಿಕೆ ಪೂರೈಸಲು ಕೊನೆಗೆ ಯಾವ ಸ್ಥಾವರವನ್ನು ಚಾಲೂ ಮಾಡಬೇಕಾಯಿತೋ ಅದರ ದರವೇ ಎಲ್ಲರಿಗೂ ದರ. ಗಾಳಿ ಬೀಸುತ್ತಿದ್ದರೆ, ಬಿಸಿಲಿದ್ದರೆ ಅಗ್ಗ. ಸಂಜೆ ಗಾಳಿ ನಿಂತು ಗ್ಯಾಸ್ ಸ್ಥಾವರ ಚಾಲೂ ಮಾಡಬೇಕಾಗಿ ಬಂದರೆ, ಅದರ ಪಾಲು ಎಷ್ಟೇ ಸಣ್ಣದಿರಲಿ, ಇಡೀ ಮಾರುಕಟ್ಟೆ ಅದರ ದರಕ್ಕೆ ಏರುತ್ತದೆ. ಗಾಳಿ ಮತ್ತು ಸೌರ ವಿದ್ಯುತ್ ಇಷ್ಟು ಹೆಚ್ಚಾದರೂ ಬಿಲ್ ಯಾಕೆ ಇಳಿಯಲಿಲ್ಲ ಅನ್ನೋ ಪ್ರಶ್ನೆಗೆ ದೊಡ್ಡ ಉತ್ತರ ಇಲ್ಲೇ ಇದೆ.

ಎರಡನೇ ಅಂಕಿ, ಸಂಗ್ರಹ. ನೆಲದಡಿಯ ಗ್ಯಾಸ್ ಸಂಗ್ರಹ ಶೇಕಡಾ ಎಷ್ಟು ತುಂಬಿದೆ ಅಂತ ಗ್ಯಾಸ್ ಇನ್‌ಫ್ರಾಸ್ಟ್ರಕ್ಚರ್ ಯುರೋಪ್ ಸಂಸ್ಥೆಯ ಎಜಿಎಸ್‌ಐ ಪುಟದಲ್ಲಿ ದಿನಾ ಹಾಕುತ್ತಾರೆ, ಯಾರು ಬೇಕಾದರೂ ನೋಡಬಹುದು. ಚಳಿಗಾಲದ ಬಳಕೆಯ ಕಾಲು ಭಾಗಕ್ಕಿಂತ ಜಾಸ್ತಿ ಈ ಸಂಗ್ರಹದಿಂದ ಬರುತ್ತದೆ. 2022ರಲ್ಲಿ ತಂದ ನಿಯಮದ ಪ್ರಕಾರ 2023ರಿಂದ ಪ್ರತಿ ವರ್ಷ ನವೆಂಬರ್ 1ರ ಹೊತ್ತಿಗೆ ಶೇ 90 ತುಂಬಿರಬೇಕಿತ್ತು. 2025ರಲ್ಲಿ ಅದನ್ನು ಸಡಿಲಿಸಿ, ಅಕ್ಟೋಬರ್‌ನಿಂದ ಡಿಸೆಂಬರ್ 1ರ ನಡುವೆ ಯಾವಾಗ ಬೇಕಾದರೂ ಆ ಮಟ್ಟ ಮುಟ್ಟಬಹುದು ಅಂದರು. ಯಾಕೆ ಗೊತ್ತಾ? ಯುರೋಪ್ ಯಾವ ದಿನದೊಳಗೆ ಕೊಳ್ಳಲೇಬೇಕು ಅಂತ ಮಾರುವವರಿಗೆ ಮೊದಲೇ ಗೊತ್ತಿದ್ದರೆ ಬೇಸಿಗೆಯಲ್ಲೇ ದರ ಏರಿಸಿಬಿಡುತ್ತಾರೆ.

ಮೂರನೆಯದು ಹಡಗು. ರಷ್ಯಾದ ಕೊಳವೆಯ ಜಾಗಕ್ಕೆ ದ್ರವರೂಪದ ಗ್ಯಾಸ್, ಅಂದರೆ ಎಲ್‌ಎನ್‌ಜಿ ಬಂತು. ಜರ್ಮನಿಯಲ್ಲಿ ಅದನ್ನು ಇಳಿಸಿಕೊಳ್ಳುವ ಒಂದು ಟರ್ಮಿನಲ್ ಕೂಡ ಇರಲಿಲ್ಲ, ಮೊದಲನೆಯದನ್ನು ವಿಲ್‌ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ 2022ರ ಡಿಸೆಂಬರ್‌ನಲ್ಲಿ ತೆರೆದರು, ಯುದ್ಧ ಶುರುವಾಗಿ ಹತ್ತೇ ತಿಂಗಳಿಗೆ. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ನೋಡಿ. ಆದರೆ ಕೊಳವೆಗೂ ಹಡಗಿಗೂ ವ್ಯತ್ಯಾಸ ಇದೆ. ಕೊಳವೆ ಒಂದೇ ಕಡೆ ಹೋಗುತ್ತದೆ, ಹಡಗು ಯಾರು ಜಾಸ್ತಿ ಕೊಡುತ್ತಾರೋ ಅವರ ಕಡೆ ತಿರುಗುತ್ತದೆ. ಜಪಾನ್‌ನಲ್ಲಿ ಚಳಿ ಹೆಚ್ಚಾದರೂ, ಕತಾರ್‌ನ ಎಲ್‌ಎನ್‌ಜಿ ಹಾದುಬರುವ ಹೊರ್ಮುಜ್ ಜಲಸಂಧಿಯಲ್ಲಿ ಗುಂಡು ಹಾರಿದರೂ ಟಿಟಿಎಫ್ ಅಲುಗಾಡುವುದು ಇದರಿಂದಲೇ. 2024ರಲ್ಲಿ ಒಕ್ಕೂಟಕ್ಕೆ ಬಂದ ಎಲ್‌ಎನ್‌ಜಿಯಲ್ಲಿ ಹತ್ತಿರಹತ್ತಿರ ಅರ್ಧ ಅಮೆರಿಕದ್ದು. ಅಮೆರಿಕದ ಜೊತೆ ಸುಂಕದ ಮಾತುಕತೆಗೆ ಕೂತಾಗ ಈ ವಿಷಯ ಮೇಜಿನ ಮೇಲೆ ಇಲ್ಲದೆ ಇರುತ್ತದೆಯೇ?

ಗ್ಯಾಸ್ ಬರೀ ಉರುವಲೂ ಅಲ್ಲ. ರೈನ್ ನದಿಯ ದಂಡೆಯಲ್ಲಿ ಲುಡ್ವಿಗ್ಸ್‌ಹಾಫೆನ್ ಅಂತ ಊರಿದೆ, ಅಲ್ಲಿ ಬಿಎಎಸ್‌ಎಫ್ ಕಂಪನಿಯ ದೊಡ್ಡ ರಾಸಾಯನಿಕ ಸಂಕೀರ್ಣ ಇದೆ. ಅಲ್ಲಿ ಗ್ಯಾಸ್ ಕಚ್ಚಾ ಮಾಲು ಕೂಡ. ಗ್ಯಾಸ್‌ನಿಂದ ಅಮೋನಿಯಾ, ಅಮೋನಿಯಾದಿಂದ ಗೊಬ್ಬರ. 2023ರ ಫೆಬ್ರುವರಿಯಲ್ಲಿ ಕಂಪನಿ ಅಲ್ಲಿನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಹೇಳಿತು. ಇಂಥ ಸುದ್ದಿ ಬಂದಾಗ ಅದನ್ನು ಒಂದು ಕಂಪನಿಯ ಸುದ್ದಿ ಅಂತ ಓದಬೇಡಿ. ಟಿಟಿಎಫ್ ಮತ್ತೆ ಇಳಿದರೂ ಮುಚ್ಚಿದ ಘಟಕ ತಾನಾಗಿ ತೆರೆಯುವುದಿಲ್ಲ, ಅಲ್ಲಿ ಕೆಲಸ ಮಾಡುತ್ತಿದ್ದವರು ಬೇರೆ ದಾರಿ ನೋಡಿಕೊಂಡಿರುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಗಿ ಯುರೋಪ್‌ನ ಆರ್ಥಿಕ ಪೈಪೋಟಿ ಶಕ್ತಿಯ ಬಗ್ಗೆ ಕೊಟ್ಟ ವರದಿಯಲ್ಲಿ ಯುರೋಪ್‌ನ ಕಂಪನಿಗಳಿಗೆ ಕರೆಂಟ್ ಅಮೆರಿಕಕ್ಕಿಂತ ಎರಡು ಮೂರು ಪಟ್ಟು ದುಬಾರಿ, ಗ್ಯಾಸ್ ನಾಲ್ಕೈದು ಪಟ್ಟು ದುಬಾರಿ ಅಂತ ಇತ್ತು. ನನ್ನ ಮಟ್ಟಿಗೆ ಆ ವರದಿಯ ಅತಿ ಮುಖ್ಯ ಸಾಲು ಅದು.

ಬಡ್ಡಿ ದರದ ದಿನ ಏನು ನೋಡಬೇಕು

ಸೆಂಟ್ರಲ್ ಬ್ಯಾಂಕ್, ಅಂದರೆ ಇಸಿಬಿ, ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಬಡ್ಡಿ ದರ ನಿರ್ಧರಿಸುತ್ತದೆ. ಫ್ರಾಂಕ್‌ಫರ್ಟ್ ಸಮಯ ಮಧ್ಯಾಹ್ನ 2.15ಕ್ಕೆ ತೀರ್ಮಾನ, 2.45ಕ್ಕೆ ಅಧ್ಯಕ್ಷೆ ಕ್ರಿಸ್ಟೀನ್ ಲಗಾರ್ಡ್ ಅವರ ಪತ್ರಿಕಾಗೋಷ್ಠಿ. ತೀರ್ಮಾನದ ಕಾಗದ ಒಂದೆರಡು ಪುಟ ಅಷ್ಟೇ. ಒಂದು ಒಳ್ಳೆ ಅಭ್ಯಾಸ ಹೇಳುತ್ತೇನೆ: ಹಿಂದಿನ ಸಲದ ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಂಡು ಯಾವ ಪದ ಬದಲಾಗಿದೆ ಅಂತ ಗೆರೆ ಹಾಕಿ. ದರ ಬದಲಾಗದ ದಿನವೂ ಪದ ಬದಲಾಗಿರುತ್ತದೆ, ಮುಂದಿನ ನಡೆಯ ಸುಳಿವು ಅಲ್ಲೇ.

ಇಸಿಬಿಯ ಗುರಿ ಶೇ 2 ಹಣದುಬ್ಬರ. 2022ರ ಅಕ್ಟೋಬರ್‌ನಲ್ಲಿ ಯುರೋ ವಲಯದ ಹಣದುಬ್ಬರ ಶೇ 10.6 ಮುಟ್ಟಿತ್ತು. 2022ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಸತತ ಹತ್ತು ಸಲ ಬಡ್ಡಿ ಏರಿಸಿ, ಶೇ 0ಕ್ಕಿಂತ ಕೆಳಗಿದ್ದ ಠೇವಣಿ ದರವನ್ನು (ಬ್ಯಾಂಕುಗಳು ಇಸಿಬಿಯಲ್ಲಿ ಇಡುವ ಹಣದ ಬಡ್ಡಿ) ಶೇ 4ಕ್ಕೆ ತಂದರು. 2024ರ ಜೂನ್‌ನಿಂದ ಇಳಿಸುತ್ತಾ ಬಂದು 2025ರ ಜೂನ್‌ನಲ್ಲಿ ಶೇ 2ಕ್ಕೆ ನಿಲ್ಲಿಸಿದರು.

ಇಲ್ಲಿ ಎರಡು ಮಾತು. ಹಣದುಬ್ಬರ ಶೇ 2ಕ್ಕೆ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಏರುವ ವೇಗ ಇಳಿಯಿತು ಅಂತ. 2022ರಲ್ಲಿ ಏರಿದ್ದು ಏರಿದ ಹಾಗೇ ಇದೆ, ಸಂಬಳ ಅದನ್ನು ಬೆನ್ನಟ್ಟಿಕೊಂಡು ಹೋಗುತ್ತಿದೆ. ಸರ್ಕಾರಗಳು "ಹಣದುಬ್ಬರ ಗೆದ್ದೆವು" ಅಂದಾಗ ಜನ ಯಾಕೆ ಖುಷಿಪಡಲಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ. ಇನ್ನೊಂದು, ಒಂದೇ ದರ ಎಲ್ಲ ದೇಶಕ್ಕೂ ಒಂದೇ ತರ ತಟ್ಟುವುದಿಲ್ಲ. ಫಿನ್ಲೆಂಡ್‌ನಲ್ಲಿ ಹೆಚ್ಚಿನ ಮನೆ ಸಾಲ ಬದಲಾಗುವ ಬಡ್ಡಿಯದು, ದರ ಏರಿದರೆ ಕಂತೂ ಏರುತ್ತದೆ. ಫ್ರಾನ್ಸ್‌ನಲ್ಲಿ ಹೆಚ್ಚಿನವರದು ಇಪ್ಪತ್ತು ವರ್ಷಕ್ಕೆ ಒಂದೇ ಬಡ್ಡಿ, ಹಳೆ ಸಾಲದವರಿಗೆ ಬಿಸಿ ತಟ್ಟುವುದೇ ಇಲ್ಲ.

ಬಡ್ಡಿ ಏರಿಸಿದರೆ ಗ್ಯಾಸ್ ಜಾಸ್ತಿ ಬರುವುದಿಲ್ಲ ಅನ್ನೋದೂ ನೆನಪಿರಲಿ. ಯುದ್ಧದಿಂದ ಬಂದ ಬೆಲೆಯೇರಿಕೆಗೆ ಬಡ್ಡಿ ಅನ್ನೋದು ಅರ್ಧ ಮದ್ದು. ಅದು ಬೆಲೆಯೇರಿಕೆ ಸಂಬಳ, ಬಾಡಿಗೆ, ಸೇವೆಗಳಿಗೆ ಹರಡದಂತೆ ತಡೆಯಬಹುದು, ಮೂಲಕ್ಕೆ ಮುಟ್ಟಲಾರದು.

ಸಾಲದ ನಿಯಮ ಮತ್ತು ಜರ್ಮನಿ

ಒಕ್ಕೂಟದ ಹಳೇ ನಿಯಮ: ಬಜೆಟ್ ಕೊರತೆ ಜಿಡಿಪಿಯ ಶೇ 3 ಮೀರಬಾರದು, ಒಟ್ಟು ಸಾಲ ಶೇ 60 ಮೀರಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಲೆಕ್ಕ. ಪಾಲಿಸಿದವರು ಕಡಿಮೆ. ಫ್ರಾನ್ಸ್‌ನ ಕೊರತೆ 2024ರಲ್ಲಿ ಶೇ 5.8 ಇತ್ತು, ಅದನ್ನು ಇಳಿಸಲು ಹೋದ ಪ್ರಧಾನಿಗಳು ಒಬ್ಬರಾದ ಮೇಲೊಬ್ಬರು ಬಿದ್ದರು, 2024ರ ಡಿಸೆಂಬರ್‌ನಲ್ಲಿ ಮಿಶೆಲ್ ಬಾರ್ನಿಯೆ, 2025ರ ಸೆಪ್ಟೆಂಬರ್‌ನಲ್ಲಿ ಫ್ರಾಂಸ್ವಾ ಬೈರು. ನೀವು ನೋಡಬೇಕಾದ ಅಂಕಿ ಇದು: ಆ ದೇಶದ ಹತ್ತು ವರ್ಷದ ಬಾಂಡ್‌ಗೂ ಜರ್ಮನಿಯ ಹತ್ತು ವರ್ಷದ ಬಾಂಡ್‌ಗೂ ಬಡ್ಡಿಯಲ್ಲಿ ಎಷ್ಟು ಅಂತರ ಇದೆ. ಸಚಿವರು ಏನೇ ಹೇಳಲಿ, ಸಾಲ ಕೊಡುವವರ ನಂಬಿಕೆ ಎಷ್ಟಿದೆ ಅಂತ ಆ ಅಂತರ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಜರ್ಮನಿಯಲ್ಲಿ. ಅವರು 2009ರಲ್ಲಿ ಸಂವಿಧಾನದಲ್ಲೇ ಸಾಲಕ್ಕೆ ಬೀಗ ಹಾಕಿಕೊಂಡಿದ್ದರು, ಕೇಂದ್ರ ಸರ್ಕಾರ ವರ್ಷಕ್ಕೆ ಜಿಡಿಪಿಯ ಶೇ 0.35ಕ್ಕಿಂತ ಜಾಸ್ತಿ ಸಾಲ ಮಾಡುವಂತಿಲ್ಲ ಅಂತ. 2025ರ ಮಾರ್ಚ್ 18ರಂದು ಸಂಸತ್ತಿನ ಕೆಳಮನೆ ಆ ಬೀಗ ಸಡಿಲಿಸಲು ಒಪ್ಪಿತು. ಬೇಕಿದ್ದದ್ದು 489 ಮತ, ಬಿದ್ದದ್ದು 510ಕ್ಕೂ ಹೆಚ್ಚು. ಜಿಡಿಪಿಯ ಶೇ 1 ಮೀರಿದ ರಕ್ಷಣಾ ಖರ್ಚಿಗೆ ಸಾಲದ ಮಿತಿಯೇ ಇಲ್ಲ, ಜೊತೆಗೆ ರೈಲು, ಸೇತುವೆ, ವಿದ್ಯುತ್ ಜಾಲ ಇಂಥವಕ್ಕೆ 12 ವರ್ಷದಲ್ಲಿ 50 ಸಾವಿರ ಕೋಟಿ ಯುರೋ. ಚುನಾವಣೆ ಮುಗಿದಿತ್ತು, ಹೊಸ ಸಂಸತ್ತು ಸೇರುವ ಮುಂಚೆ ಹಳೇ ಸಂಸತ್ತಿನಲ್ಲೇ ಮತಕ್ಕೆ ಹಾಕಿದರು, ಯಾಕೆಂದರೆ ಹೊಸದರಲ್ಲಿ ಮೂರನೇ ಎರಡರಷ್ಟು ಮತ ಸಿಗುವುದು ಕಷ್ಟ ಅಂತ ಗೊತ್ತಿತ್ತು. ಅದೇ ತಿಂಗಳು ಬ್ರಸೆಲ್ಸ್ ಹೇಳಿದ 80 ಸಾವಿರ ಕೋಟಿ, ಬರ್ಲಿನ್ ಸಂವಿಧಾನ ತಿದ್ದಿ ಕೊಟ್ಟ 50 ಸಾವಿರ ಕೋಟಿ. ಅಂಕಿಯಲ್ಲಿ ಮೊದಲನೆಯದು ದೊಡ್ಡದು, ತೂಕದಲ್ಲಿ ಎರಡನೆಯದು.

ವ್ಯಾಪಾರ ಒಪ್ಪಂದದಲ್ಲಿ ಮಾತು ಕೊಟ್ಟವರು ಯಾರು

2025ರ ಜುಲೈ 27ರಂದು ಸ್ಕಾಟ್ಲೆಂಡ್‌ನ ಟರ್ನ್‌ಬೆರಿಯಲ್ಲಿ ಫಾನ್ ಡೆರ್ ಲೆಯೆನ್ ಮತ್ತು ಡೊನಾಲ್ಡ್ ಟ್ರಂಪ್ ಒಪ್ಪಂದಕ್ಕೆ ಬಂದರು. ಯುರೋಪ್‌ನಿಂದ ಅಮೆರಿಕಕ್ಕೆ ಹೋಗುವ ಹೆಚ್ಚಿನ ಸರಕಿಗೆ ಶೇ 15 ಸುಂಕ, ಅದಕ್ಕಿಂತ ಜಾಸ್ತಿ ಇಲ್ಲ. ಉಕ್ಕಿಗೆ ಶೇ 50 ಹಾಗೇ ಉಳಿಯಿತು. ಯುರೋಪ್ ಕಡೆಯಿಂದ ಮೂರು ವರ್ಷದಲ್ಲಿ 75 ಸಾವಿರ ಕೋಟಿ ಡಾಲರ್‌ನ ಇಂಧನ ಖರೀದಿ, 60 ಸಾವಿರ ಕೋಟಿ ಡಾಲರ್ ಹೂಡಿಕೆ.

ಈಗ ನಮ್ಮ ಎರಡು ಪ್ರಶ್ನೆ ಹಾಕಿ. ಸುಂಕದ ಕೀಲಿಕೈ ಕಮಿಷನ್ ಬಳಿ ಇದೆ, ಸರಿ. ಆದರೆ ಎಲ್‌ಎನ್‌ಜಿ ಕೊಳ್ಳುವವರು ಯಾರು? ಕಂಪನಿಗಳು. ಹೂಡಿಕೆ ಮಾಡುವವರು ಯಾರು? ಅವರೇ. ಯಾವ ಕಂಪನಿಗೂ "ನೀನು ಅಲ್ಲಿಂದಲೇ ಕೊಳ್ಳು" ಅಂತ ಹೇಳುವ ಅಧಿಕಾರ ಕಮಿಷನ್‌ಗೆ ಇಲ್ಲ. ಅಂದರೆ ಕಮಿಷನ್ ತನ್ನ ಕೈಲಿಲ್ಲದ ದುಡ್ಡಿನ ಬಗ್ಗೆ ಮಾತು ಕೊಟ್ಟಿತು. ನೋಟ್‌ಬುಕ್‌ನಲ್ಲಿ ಸುಂಕದ ಭಾಗ ಒಂದು ಸಾಲು, ಖರೀದಿಯ ಭಾಗ ಬೇರೆ ಸಾಲು. ಎರಡನ್ನೂ ಒಂದೇ ಸಾಲಲ್ಲಿ ಬರೆದರೆ ಮುಂದೆ ಗೊಂದಲ ಖಂಡಿತ.

ಅಂಕಿ ಓದುವಾಗ ಸಣ್ಣ ಎಚ್ಚರಿಕೆಗಳು

ಒಂದು ಬಿಲಿಯನ್ ಅಂದರೆ ನೂರು ಕೋಟಿ. ಜರ್ಮನ್ ಮೂಲದಿಂದ ಯಂತ್ರ ಅನುವಾದ ಓದುತ್ತಿದ್ದರೆ ಹುಷಾರು: ಅವರ "ಮಿಲಿಯಾರ್ಡೆ" ನಮ್ಮ ನೂರು ಕೋಟಿ, ಅವರ "ಬಿಲಿಯೋನ್" ಅಂದರೆ ಲಕ್ಷ ಕೋಟಿ. ಸಾವಿರ ಪಟ್ಟು ವ್ಯತ್ಯಾಸ. ದಶಾಂಶಕ್ಕೆ ಅವರು ಅಲ್ಪವಿರಾಮ ಹಾಕುತ್ತಾರೆ, 3,5 ಅಂದರೆ ಮೂರೂವರೆ.

ಯುರೋ ವಲಯದ ಬೆಳವಣಿಗೆಯ ಅಂಕಿ ಇದ್ದಕ್ಕಿದ್ದಂತೆ ಚೆನ್ನಾಗಿ ಕಂಡರೆ ಐರ್ಲೆಂಡ್ ತೆಗೆದು ನೋಡಿ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕಪತ್ರ ಅಲ್ಲಿ ಇರುವುದರಿಂದ ಅದರ ಜಿಡಿಪಿ 2015ರಲ್ಲಿ ಒಂದೇ ವರ್ಷಕ್ಕೆ ಸುಮಾರು ಶೇ 25ರಷ್ಟು "ಬೆಳೆದಿತ್ತು". ಅಲ್ಲಿನ ಜನರ ಬದುಕು ಒಂದು ವರ್ಷದಲ್ಲಿ ಕಾಲು ಪಟ್ಟು ಏನೂ ಸುಧಾರಿಸಿರಲಿಲ್ಲ.

ಒಂದು ಸುದ್ದಿಯನ್ನು ಪೂರ್ತಿ ಬಿಡಿಸಿ ನೋಡೋಣ

2025ರ ಡಿಸೆಂಬರ್‌ನ ಸುದ್ದಿ: "ಉಕ್ರೇನ್‌ಗೆ ಯುರೋಪ್‌ನಿಂದ 9 ಸಾವಿರ ಕೋಟಿ ಯುರೋ."

ಕ್ರಿಯಾಪದ ಏನು? ಪ್ರಧಾನಿಗಳ ಸಭೆ ಒಪ್ಪಿತು. ಅಂದರೆ ಎರಡನೇ ಕಾಲಂ. ಕಾಯ್ದೆ ಆವತ್ತಿಗೆ ಇನ್ನೂ ಆಗಿರಲಿಲ್ಲ. ಎಷ್ಟು ಕಾಲಕ್ಕೆ? 2026 ಮತ್ತು 2027, ಎರಡು ವರ್ಷಕ್ಕೆ. ದುಡ್ಡು ಎಲ್ಲಿದೆ? ಆವತ್ತಿಗೆ ಎಲ್ಲೂ ಇರಲಿಲ್ಲ, ಮಾರುಕಟ್ಟೆಯಲ್ಲಿ ಸಾಲ ಎತ್ತಬೇಕಿತ್ತು, ಒಕ್ಕೂಟದ ಬಜೆಟ್ ಅದಕ್ಕೆ ಜಾಮೀನು. ಜಾಮೀನಿನ ಹೊರೆ ಯಾರಿಗೆ? ಹಂಗೇರಿ, ಸ್ಲೊವಾಕಿಯಾ, ಚೆಕ್ ಬಿಟ್ಟು ಉಳಿದ 24 ದೇಶಗಳಿಗೆ. ಆ ಮೂರು ದೇಶ ಅಡ್ಡಿ ಮಾಡದಿರಲು ಕೊಟ್ಟ ಬೆಲೆ ಅದು.

ವಾಪಸ್ ಕಟ್ಟುವವರು ಯಾರು? ಉಕ್ರೇನ್. ಯಾವಾಗ? ರಷ್ಯಾ ಯುದ್ಧದ ಪರಿಹಾರ ಕೊಟ್ಟ ಮೇಲೆ. ಈ ವಾಕ್ಯವನ್ನು ಎರಡು ಸಲ ಓದಿ. ರಷ್ಯಾ ಕೊಡದಿದ್ದರೆ? ಆಗ ಯುರೋಪ್‌ನಲ್ಲಿ ತಡೆಹಿಡಿದಿರುವ ರಷ್ಯಾದ ಸುಮಾರು 21 ಸಾವಿರ ಕೋಟಿ ಯುರೋ ಆಸ್ತಿಯತ್ತ ಕೈ ಚಾಚುವ ಹಕ್ಕನ್ನು ಒಕ್ಕೂಟ ಕಾದಿರಿಸಿಕೊಂಡಿದೆ. ಅದರಲ್ಲಿ ಬಹುಪಾಲು ಇರುವುದು ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನಲ್ಲಿ ಷೇರು, ಬಾಂಡ್ ಕಾಪಿಡುವ ಯೂರೋಕ್ಲಿಯರ್ ಎಂಬ ಸಂಸ್ಥೆಯಲ್ಲಿ. ಆ ಆಸ್ತಿಯನ್ನೇ ನೇರವಾಗಿ ಆಧಾರವಾಗಿಟ್ಟು ಸಾಲ ಕೊಡೋಣ ಅನ್ನೋದು ಮೊದಲ ಯೋಜನೆ. ಬೆಲ್ಜಿಯಂ ಒಪ್ಪಲಿಲ್ಲ, ನಾಳೆ ರಷ್ಯಾ ಕೋರ್ಟಿಗೆ ಹೋದರೆ ಹೊಣೆ ನಮ್ಮೊಬ್ಬರ ತಲೆಗೇ ಬರುತ್ತದೆ ಅಂತ. ಅವರ ಭಯ ಸುಳ್ಳಲ್ಲ, ಅಷ್ಟು ಸಣ್ಣ ದೇಶಕ್ಕೆ ಅದು ತುಂಬಾ ದೊಡ್ಡ ಮೊತ್ತ. ಆ ಸಭೆಗೆ ಕೆಲವು ದಿನ ಮುಂಚೆ ಇನ್ನೊಂದು ಕೆಲಸ ಆಗಿತ್ತು, ಸುದ್ದಿಯಲ್ಲಿ ಅಷ್ಟಾಗಿ ಕಾಣಲಿಲ್ಲ: ಆ ಆಸ್ತಿಯ ತಡೆಯನ್ನು ಆರು ತಿಂಗಳಿಗೊಮ್ಮೆ ಎಲ್ಲರ ಒಪ್ಪಿಗೆ ಕೇಳುವ ಸಾಲಿನಿಂದ ತೆಗೆದು, ಬಹುಮತ ಸಾಕಾಗುವ ಬೇರೆ ಕಲಮಿನಡಿ ತಂದರು. ಕೀಲಿಕೈ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. 9 ಸಾವಿರ ಕೋಟಿಗಿಂತ ಇದು ದೊಡ್ಡ ಸುದ್ದಿ ಅಂತ ನಾನು ಆವತ್ತೇ ಬರೆದಿಟ್ಟೆ.

ನೋಟ್‌ಬುಕ್‌ನಲ್ಲಿ ಈ ಸಾಲಿಗೆ ನಾಲ್ಕು ಕಾಲಂ ಸಾಲಲಿಲ್ಲ. ಅಂಚಿನಲ್ಲಿ ಐದನೆಯದೊಂದನ್ನು ಗೀಚಿಕೊಂಡೆ: "ವಾಪಸ್ ಕಟ್ಟುವವರು ಯಾರು". ಅದರ ಕೆಳಗಿನ ಚೌಕ ಇನ್ನೂ ಖಾಲಿ ಇದೆ, ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿಟ್ಟಿದ್ದೇನೆ.